ಹಸಿ ಕಸ ಕೊಡದೇ ಇರೋ ಮನೆಗೂ ಅದೇ ಶುಲ್ಕ ಯಾಕೆ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಬೀದಿಗೆ ಕಸದ ಗಾಡಿ ಬೆಳಗ್ಗೆ ಏಳೂವರೆ ಸುಮಾರಿಗೆ ಬರತ್ತೆ, ದೂರದಲ್ಲಿ ಅದರ ಮೈಕ್ ಕೇಳಿಸ್ತಿದ್ದಂಗೆ ಎಲ್ಲರ ಮನೇಲೂ ಓಡಾಟ ಶುರು, ಒಬ್ರು ನೈಟಿ ಮೇಲೆ ಟವೆಲ್ ಹೊದ್ಕೊಂಡು ಬಂದ್ರೆ ಇನ್ನೊಬ್ರು ಹಲ್ಲುಜ್ಜೋ ಬ್ರಷ್ ಬಾಯಲ್ಲೇ ಕಚ್ಕೊಂಡು ಬಕೆಟ್ ಹಿಡ್ಕೊಂಡು ಬರ್ತಾರೆ. ನಾನು ಈಗ ಎರಡು ವರ್ಷದಿಂದ ವಾರಕ್ಕೆ ಒಂದೇ ಸಲ ಆಚೆ ಬರೋದು, ಒಣ ಕಸದ ಚೀಲ ಕೊಡೋಕೆ. ಹಸಿ ಕಸ ಹಿತ್ತಲಲ್ಲೇ ಗೊಬ್ಬರ ಆಗತ್ತೆ. ದೊಡ್ಡಸ್ತಿಕೆಗೆ ಹೇಳ್ತಿಲ್ಲ. ಹೋದ ಸಲ ಮನೆ ಕಂದಾಯ ಕಟ್ಟಿ ರಸೀದಿ ನೋಡ್ತಾ ಕೂತಾಗ ತಲೆಗೆ ಹೊಳೀತು, ದಿನಾ ಬಕೆಟ್ ತುಂಬಾ ಸುರಿಯೋ ಮನೆಗೂ, ಅಷ್ಟೇ ಅಳತೆಯ ನಮ್ಮ ಮನೆಗೂ ಕಸದ ಶುಲ್ಕ ಒಂದೇ. ಅಂದ್ಮೇಲೆ ಕಸ ಕಮ್ಮಿ ಮಾಡಿ ನನಗೇನು ಬಂತು?

ಕಾನೂನು ಇಲ್ಲ ಅಂತಲ್ಲ, ಬೇಕಾದಷ್ಟಿದೆ. 2000ದಲ್ಲೇ ಒಂದು ನಿಯಮ ಬಂತು, ಆಮೇಲೆ 2016ರಲ್ಲಿ ಇನ್ನೊಂದು, ಅದರಲ್ಲಿ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಅಂತ ಬೇರೆ ಬೇರೆ ಮಾಡಿ ಕೊಡೋದು ಮನೆಯವರದೇ ಹೊಣೆ ಅಂತ ಸ್ಪಷ್ಟವಾಗಿ ಇತ್ತು. ಅದೇ 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ. 2021ರಲ್ಲಿ ಕೇಂದ್ರದವರು 75 ಮೈಕ್ರಾನ್‌ಗಿಂತ ತೆಳ್ಳಗಿನ ಕವರ್ ಬೇಡ ಅಂದ್ರು, 2022ರ ಕೊನೆಗೆ ಅದು 120 ಮೈಕ್ರಾನ್ ಆಯ್ತು. ತರಕಾರಿ ಮಾರೋ ಅಜ್ಜಿ ಹತ್ರ ಮೈಕ್ರಾನ್ ಅಳೆಯೋ ಮಿಷಿನ್ ಇರತ್ತೇನ್ರೀ? ಕಾಲು ಕೇಜಿ ಬೀನ್ಸ್ ತಗೊಂಡ್ರೂ ಕವರ್ ಕೇಳೋರು ನಾವೇ. ಕೈಚೀಲ ತಂದಿಲ್ವಾ ಅಂತ ಅಜ್ಜಿ ಕೇಳಿದ್ರೆ ಮುಖ ಊದಿಸ್ಕೊಂಡು ಪಕ್ಕದ ಅಂಗಡಿಗೆ ಹೋಗ್ತೀವಿ.

ನಮ್ಮ ಅತ್ತೆ ಮೂಡಿಗೆರೆ ಕಡೆಯವರು, ಅವರ ಕಾಲದಲ್ಲಿ ಕಸ ಅಂದ್ರೆ ಗುಡಿಸಿದ್ದು ಮಾತ್ರ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ದನದ ಹೊಟ್ಟೆಗೆ, ದನ ತಿನ್ನದೇ ಇದ್ದದ್ದು ತಿಪ್ಪೆಗೆ. ಈ ಊರಲ್ಲೂ ನಾವು ಮನೆ ಕಟ್ಟಿದ ಹೊಸದ್ರಲ್ಲಿ ಹಿಂದಿನ ಬೀದಿಯಲ್ಲಿ ಹಸು ಸಾಕಿದ್ದೋರು ಸಂಜೆ ಬಕೆಟ್ ಹಿಡ್ಕೊಂಡು ಬಂದು ಕಲಗಚ್ಚು ತಗೊಂಡು ಹೋಗ್ತಿದ್ರು, ಯುಗಾದಿಗೋ ದೀಪಾವಳಿಗೋ ಒಂದು ಚೊಂಬು ಗಿಣ್ಣದ ಹಾಲು ಕೊಟ್ಟಿದ್ದೂ ಉಂಟು. ಆ ಕೊಟ್ಟಿಗೆ ಜಾಗದಲ್ಲಿ ಈಗ ಹೋಂಸ್ಟೇ ಇದೆ.

ಹಸು ಇಲ್ಲ ಅಂದ್ಮೇಲೆ ನಾನು ಗೊಬ್ಬರ ಮಾಡೋಕೆ ಅಂತ ಎರಡು ಹಳೇ ಪ್ಲಾಸ್ಟಿಕ್ ಡ್ರಮ್‌ಗೆ ಸುತ್ತಲೂ ತೂತು ಹೊಡ್ಸಿ ಹಿತ್ತಲಲ್ಲಿ ಇಟ್ಟೆ. ಮೊದಲನೇ ವರ್ಷ ಆರಿದ್ರ ಮಳೆ ಹಿಡಿದಿದ್ದೇ ತಡ ಡ್ರಮ್ ಒಳಗೆ ನೀರು ಇಳಿದು ಗೊಜ್ಜಾಗಿ, ಬಿಳೀ ಹುಳ ಮಿಜಿಮಿಜಿ ಅಂತ ಗೋಡೆ ಹತ್ತಿ ಪಕ್ಕದ ಮನೆ ಕಾಂಪೌಂಡ್ ದಾಟ್ಬಿಟ್ವು, ಆ ಮನೆಯವರು ಒಂದು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ, ನನ್ನ ಗಂಡ ಅಂತೂ ಈ ಉಸಾಬರಿ ಯಾಕೆ ಬೇಕಿತ್ತು ಅಂತ ಊಟಕ್ಕೆ ಕೂತಾಗೆಲ್ಲಾ ಒಂದು ಮಾತು. ಆಮೇಲೆ ಗೊತ್ತಾಯ್ತು ತಪ್ಪೆಲ್ಲಿ ಅಂತ. ಒಂದು ಹಿಡಿ ಹಸಿ ಹಾಕಿದ್ರೆ ಎರಡು ಹಿಡಿ ಒಣ ಎಲೆ ಬೀಳ್ಬೇಕು, ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದ ತರ್ತೀರಿ? ಫೆಬ್ರವರಿ ಮಾರ್ಚಲ್ಲೇ ಗುಡಿಸಿ ನಾಕೈದು ಗೋಣಿಚೀಲ ತುಂಬಿ ಅಟ್ಟಕ್ಕೆ ಹಾಕ್ಬೇಕು. ಸಿಲ್ವರ್ ಓಕ್ ಎಲೆ ಬೇಡ, ಅದು ಬೇಗ ಕೊಳೆಯೋದೇ ಇಲ್ಲ, ಹೊಂಗೆ ಎಲೆ ವಾಸಿ. ವಾರಕ್ಕೊಂದು ಸಲ ಹುಳಿ ಮಜ್ಜಿಗೆ ಚಿಮುಕಿಸಿ ಕೋಲಲ್ಲಿ ಕೆದಕಬೇಕು. ಕಾಫಿ ಚರಟ ಎಷ್ಟಿದ್ರೂ ನಡೆಯತ್ತೆ, ನಮ್ಮೂರಲ್ಲಿ ಅದಕ್ಕೇನು ಬರ ಇಲ್ವಲ್ಲ. ಈಗ ನೋಡಿ ಎರಡು ಎರಡೂವರೆ ತಿಂಗಳಿಗೆ ಕಪ್ಪಗೆ ಪುಡಿಪುಡಿ ಗೊಬ್ಬರ, ಮುಟ್ಟಿದ್ರೆ ತೋಟದ ಮಣ್ಣಿನ ಘಮ, ಕರಿಬೇವಿನ ಗಿಡ ಅಂತೂ ಕೈಗೆ ಎಟುಕದಂಗೆ ಬೆಳೆದಿದೆ. ಮಾತು ಬಿಟ್ಟಿದ್ದ ಪಕ್ಕದ ಮನೆಯವರೇ ಒಂದು ಚೀಲ ಕೇಳ್ಕೊಂಡು ಬಂದ್ರು.

ಇಷ್ಟುದ್ದ ಯಾಕೆ ಹೇಳ್ದೆ ಅಂದ್ರೆ, ನಮ್ಮ ಮನೆಗಳ ಕಸದಲ್ಲಿ ಅರ್ಧ ಭಾಗದ ಹತ್ತತ್ರ ಈ ಹಸಿ ಕಸಾನೇ. ಅದು ಮನೇಲೇ ನಿಂತ್ರೆ ಗಾಡಿಗೆ ಅಷ್ಟು ಡೀಸೆಲ್ ಉಳೀತು, ಇಂದಾವರದ ಕಸ ವಿಲೇವಾರಿ ಘಟಕಕ್ಕೆ ಹೋಗೋ ಲೋಡ್ ಕಮ್ಮಿ ಆಯ್ತು. ಎಲ್ಲಕ್ಕಿಂತ ಪೌರಕಾರ್ಮಿಕರ ಕೈ ಉಳಿಯತ್ತೆ. ಮೊನ್ನೆ ನಮ್ಮ ಗೇಟ್ ಮುಂದೇನೇ ಒಬ್ಬ ಅಕ್ಕ ಯಾರೋ ಮೂರು ಗಂಟು ಹಾಕಿ ಕೊಟ್ಟಿದ್ದ ಕವರ್ ಹರಿದು ನೋಡ್ತಿದ್ರು, ಒಳಗೆ ಹಳಸಿದ ಸಾರು, ಅದರಡಿ ಮಗುವಿನ ಡೈಪರ್, ಅದರ ಜೊತೆ ಒಡೆದ ಬಲ್ಬು. ಬೆರಳಿಗೆ ಚುಚ್ಚಿ ರಕ್ತ ಬಂತು. ನೀರು ತಂದುಕೊಟ್ಟೆ, ಕೈ ತೊಳ್ಕೊಂಡು ಪಕ್ಕದ ಬೀದಿಗೆ ಹೊರಟೇಬಿಟ್ರು.

ದಕ್ಷಿಣ ಕೊರಿಯಾದಲ್ಲಿ 1995ರಿಂದಾನೇ ಕಸ ಹಾಕೋಕೆ ಸರ್ಕಾರದ ಚೀಲಾನೇ ದುಡ್ಡು ಕೊಟ್ಟು ಕೊಂಡ್ಕೋಬೇಕು, ಜಾಸ್ತಿ ಕಸ ಅಂದ್ರೆ ಜಾಸ್ತಿ ಚೀಲ, ಬೇರೆ ಮಾಡಿಟ್ಟ ಪೇಪರು ಬಾಟಲಿಗೆ ದುಡ್ಡಿಲ್ಲ. 2013ರಿಂದ ಅಡುಗೆಮನೆ ಕಸಕ್ಕೂ ತೂಕದ ಲೆಕ್ಕ ತಂದ್ರು. ನಮ್ಮಲ್ಲಿ? ಬೆಂಗಳೂರಲ್ಲಿ 2025ರ ಏಪ್ರಿಲ್‌ನಿಂದ ಬಳಕೆದಾರರ ಶುಲ್ಕ ಅಂತ ಬಂತಲ್ಲ, ಅದು ಕಟ್ಟಡದ ಅಳತೆ ಮೇಲೆ, 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದ್ರೆ 400. ದೊಡ್ಡ ಮನೇಲಿ ಒಬ್ಬರೇ ಅಜ್ಜಿ ಇರ್ಬಹುದು, ಸಣ್ಣ ಮನೇಲಿ ಎಂಟು ಜನ ಇರ್ಬಹುದು, ಕಸಕ್ಕೂ ಚದರಡಿಗೂ ಏನು ನೆಂಟಸ್ತನ?

ಹಾಗಂತ ಕೊರಿಯಾದ್ದನ್ನ ಹಂಗೇ ಇಲ್ಲಿ ತನ್ನಿ ಅಂತ ನಾನು ಹೇಳಲ್ಲ. ಚೀಲಕ್ಕೆ ದುಡ್ಡು ಅಂದ ಮಾರನೇ ದಿನವೇ ರಾತ್ರಿ ಹತ್ತರ ಮೇಲೆ ಸ್ಕೂಟರ್‌ನಲ್ಲಿ ಬಂದು ಕೆರೆ ಏರಿ ಮೇಲೋ ತೋಟದ ಬೇಲಿ ಒಳಗೋ ಎಸೆದು ಹೋಗ್ತಾರೆ, ಈಗಲೇ ಎಸೀತಾರೆ. ನಮ್ಮ ಜನಕ್ಕೆ ದಂಡಕ್ಕಿಂತ ರಿಯಾಯ್ತಿ ಚೆನ್ನಾಗಿ ಅರ್ಥ ಆಗತ್ತೆ, ಅದು ಸರ್ಕಾರಕ್ಕೂ ಗೊತ್ತು. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರೆ ಅಂತ ತಾನೇ ತಿಂಗಳ ಕೊನೇಲಿ ಬಿಸಿಲಲ್ಲಿ ಕ್ಯೂ ನಿಲ್ಲೋದು? ಸೋಲಾರ್ ನೀರು ಕಾಯಿಸೋ ಮಿಷಿನ್ ಹಾಕ್ಸಿದ್ರೆ ಕರೆಂಟ್ ಬಿಲ್ಲಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ಬಿಟ್ಟಿದ್ದೂ ಎಲ್ಲರಿಗೂ ನೆನಪಿರತ್ತೆ, ಆ ಐವತ್ತಕ್ಕೇನೇ ನಮ್ಮ ಬೀದೀಲಿ ಎಷ್ಟು ಜನ ಲೈನ್‌ಮ್ಯಾನ್ ಹಿಂದೆ ಬಿದ್ದಿದ್ರು. ಅದೇ ಥರ, ಹಸಿ ಕಸ ಗಾಡಿಗೆ ಕೊಡದ ಮನೆಗೆ ಕಸದ ಶುಲ್ಕ ಅರ್ಧ ಮಾಡಿ. ಹಿತ್ತಲು ಇಲ್ಲದ ಬಾಡಿಗೆ ಮನೆಯವರಿಗೆ ಬೀದಿಗೊಂದು ಗೊಬ್ಬರದ ಗುಂಡಿ ಮಾಡ್ಕೊಡಿ, ಪಾರ್ಕ್ ಮೂಲೇಲಿ ಜಾಗ ಇದೆ. ಮಳೆಗಾಲಕ್ಕೆ ಮುಂಚೆ ಡ್ರಮ್ಮು ಒಣ ಎಲೆ ಚೀಲ ಎರಡೂ ಸಿಗೋ ಹಾಗೆ ಮಾಡಿದ್ರೆ ನನ್ನಂಗೆ ಹುಳ ಎಣಿಸೋ ಪಾಡು ಬೇರೆಯವರಿಗೆ ಬರಲ್ಲ.

ಇದೇ ಲೆಕ್ಕ ಬಾಟಲಿಗೂ ಹಾಕ್ಬಹುದು. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಯವರು ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಂಡು ಖಾಲಿ ಬಾಟಲಿ ತಂದವರಿಗೆ ಅದನ್ನ ವಾಪಸ್ ಕೊಡ್ತಾರೆ, ಕಾಡಲ್ಲಿ ಒಡೆದ ಗಾಜು ಆನೆ ಕಾಲಿಗೆ ಚುಚ್ಚೋದು ತಪ್ಪಲಿ ಅಂತ. ವೀಕೆಂಡಲ್ಲಿ ನಮ್ಮ ಮುಳ್ಳಯ್ಯನಗಿರಿ ಬೆಟ್ಟದ ರಸ್ತೆ ಪಕ್ಕ ಬಿದ್ದಿರೋ ಬಾಟಲಿ ನೋಡಿದವರಿಗೆ ಜಾಸ್ತಿ ಹೇಳೋದು ಬೇಡ.

ಯಾರು ಹಸಿ ಕಸ ಕೊಡಲ್ಲ ಅಂತ ಹೆಂಗೆ ಕಂಡುಹಿಡೀತೀರಿ, ಎಲ್ಲರೂ ಸುಳ್ಳು ಹೇಳ್ತಾರಲ್ಲ ಅಂತ ಕೇಳ್ತಾರೆ. ಗಾಡಿ ಅಕ್ಕಂದಿರನ್ನ ಕೇಳಿ ಸ್ವಾಮಿ, ಯಾವ ಮನೇಲಿ ನಿನ್ನೆ ಬಿರಿಯಾನಿ, ಯಾವ ಮನೇಲಿ ಉಪವಾಸ ಅನ್ನೋದೂ ಅವರಿಗೆ ಗೊತ್ತಿರತ್ತೆ. ಅವರ ಕೈಗೆ ಮನೆ ನಂಬರ್ ಬರೆದ ಒಂದು ಪುಸ್ತಕ ಕೊಟ್ಟು, ಆ ಬರೆಯೋ ಕೆಲಸಕ್ಕೆ ಬೇರೆ ದುಡ್ಡು ಕೊಡಿ. ಅಷ್ಟೂ ನಂಬಿಕೆ ಇಲ್ಲ ಅಂದ್ರೆ ಅಧಿಕಾರಿಗಳು ಯಾವತ್ತಾದ್ರೂ ಹೇಳದೆ ಕೇಳದೆ ನಮ್ಮನೆಗೆ ಬಂದು ಡ್ರಮ್ ಮುಚ್ಚಳ ತೆಗೆದು ನೋಡ್ಲಿ, ವಾಸನೆ ಬಂದ್ರೆ ನನಗೆ ರಿಯಾಯ್ತಿ ಬೇಡ. ಕಾಫಿ ಅಂತೂ ಕೊಟ್ಟೇ ಕೊಡ್ತೀನಿ.

ಇತಿ,
ಒಬ್ಬ ಗೃಹಿಣಿ, ಚಿಕ್ಕಮಗಳೂರು