ಕಟಕಟೆಯಲ್ಲಿ ನಿಂತವಳ ಮಾತು

ಪ್ರೀತಿಯ ತಂಗಿಗೆ,

ನಿನ್ನ ಧಾರಾವಾಹಿಯ ಕೋರ್ಟ್ ಕಂತಿನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟಗಳಲ್ಲಿ ಹನ್ನೊಂದು ಪುಟ ವಕೀಲರ ಮಾತೇ ತುಂಬಿದೆ; ಸಾಕ್ಷಿ ಹೇಳಲು ಬಂದ ಮುದುಕಿಯ ಪಾಲಿಗೆ ಉಳಿದಿರುವುದು ಇಪ್ಪತ್ತು ಸಾಲು, ಅದರಲ್ಲೂ ಅರ್ಧ ಬರೀ ಅಳು. ಜನರಿಗೆ ಇದು ಹಿಡಿಸುತ್ತದೆಯೇ ಎಂದು ಕೇಳಿದ್ದೀಯ. ಹಿಡಿಸಲೂಬಹುದು. ಆದರೆ ಕೋರ್ಟ್ ದೃಶ್ಯ ಬಂತೆಂದರೆ ನಮ್ಮ ಜನ ಒಲೆ ಆರಿಸಿ ಬಂದು ಟಿವಿ ಮುಂದೆ ಕೂರುವುದು ವಕೀಲರ ಮಾತಿನ ವರಸೆಗಾಗಿ ಎಂದು ನೀನು ನಂಬಿರುವಂತೆ ಕಾಣುತ್ತದೆ. ಆ ನಂಬಿಕೆಯ ಬಗ್ಗೆಯೇ ನಿನಗೆ ಬರೆಯಬೇಕೆನಿಸಿತು.

ಕಿರುತೆರೆಯ ಕೋರ್ಟ್ ದೃಶ್ಯಕ್ಕಾಗಿ ಕಾದು ಕೂರುವ ಅಭ್ಯಾಸವನ್ನು ಕನ್ನಡದ ಮನೆಗಳಿಗೆ ಹಚ್ಚಿದವರು ಟಿ.ಎನ್. ಸೀತಾರಾಮ್. 1998ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡಗೂಡಿ ದೂರದರ್ಶನಕ್ಕೆ ‘ಮಾಯಾಮೃಗ’ ನಿರ್ದೇಶಿಸಿದ ಅವರು, ಮುಂದೆ ‘ಮುಕ್ತ’ ಮೊದಲುಗೊಂಡು 2018ರ ‘ಮಗಳು ಜಾನಕಿ’ಯವರೆಗೆ ತಾವೇ ಕರಿ ಕೋಟು ತೊಟ್ಟು ವಕೀಲ ಸಿ.ಎಸ್.ಪಿ.ಯಾಗಿ ನಿಂತರು, ಜನ ಅವರನ್ನು ಆ ಮೂರು ಅಕ್ಷರಗಳಿಂದಲೇ ಗುರುತಿಸುವಂತಾಯಿತು. ಆ ಕಂತುಗಳು ಬರುತ್ತಿದ್ದ ಸಂಜೆಗಳಲ್ಲಿ ನಾನು ಟಿವಿ ನೋಡಿದ್ದಕ್ಕಿಂತ ಟಿವಿ ನೋಡುವವರನ್ನು ನೋಡಿದ್ದೇ ಹೆಚ್ಚು. ವಕೀಲರು ಪ್ರಶ್ನೆ ಕೇಳುವಾಗ ನಮ್ಮ ನಡುಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಪ್ರಶ್ನೆ ಮುಗಿದು ಉತ್ತರ ಬರುವುದಕ್ಕೆ ಮುಂಚಿನ ಆ ಒಂದೆರಡು ಕ್ಷಣಗಳಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನನ್ನ ಚಿಕ್ಕಮ್ಮ ಪರದೆಯ ಕಡೆಗೆ ಕೈ ಚಾಚಿ “ಹೇಳಿಬಿಡೇ ತಾಯಿ, ಹೇಳಿಬಿಡು” ಎನ್ನುತ್ತಿದ್ದರು. ಆ ಮಾತು ಕಟಕಟೆಯಲ್ಲಿ ನಿಂತವಳಿಗೆ. ವಕೀಲರೊಂದಿಗೆ ಅವರು ಒಮ್ಮೆಯೂ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಚಿಕ್ಕಮ್ಮ ಹೀಗೆ ಮಾತಾಡುತ್ತಿದ್ದುದಕ್ಕೆ ಕಾರಣ ನನಗೆ ತಿಳಿದದ್ದು, ತವರಿನ ಜಮೀನಿನಲ್ಲಿ ಪಾಲು ಕೇಳಿ ಅವರು ಹೂಡಿದ್ದ ದಾವೆ ಸಾಕ್ಷಿಯ ಹಂತಕ್ಕೆ ಬಂದಾಗ. ಅನೇಕ ವರ್ಷ ವಾಯಿದೆಗಳ ಮೇಲೆ ವಾಯಿದೆ ಕಂಡಿದ್ದ ಅವರು, ಆ ದಿನ ತಮ್ಮ ಕಥೆಯನ್ನು ಮೊದಲಿನಿಂದ ಹೇಳಬಹುದೆಂದು ತಿಳಿದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದರು. ಆದರೆ 2002ರಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಿಂದೀಚೆಗೆ ಇಂಥ ದಾವೆಗಳಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿಯನ್ನು ಕರೆಸಿದ ಕಡೆಯವರೇ ಅವರಿಂದ ಕಥೆ ಹೇಳಿಸುವ ಹಂತ, ಅಫಿಡವಿಟ್ಟಿನ ರೂಪದಲ್ಲೇ ನಡೆಯುತ್ತದೆ. ಅವರ ಕಥೆಯನ್ನು ವಕೀಲರ ಕಚೇರಿಯಲ್ಲಿ ಆಗಲೇ ಬೆರಳಚ್ಚು ಮಾಡಿ, ಸಹಿ ಹಾಕಿಸಿ ಇಟ್ಟಿದ್ದರು. ಕಟಕಟೆ ಹತ್ತಿದ ಮೇಲೆ ಅವರಿಗೆ ಉಳಿದದ್ದು ಎದುರು ವಕೀಲರ ಪಾಟೀ ಸವಾಲು ಮಾತ್ರ.

“ಮದುವೆಯಾದ ಮೇಲೆ ನೀವು ಆ ಜಮೀನಿನ ಕಡೆಗೆ ತಲೆ ಹಾಕಿಲ್ಲ, ಅಲ್ಲವೇನಮ್ಮ?” ಎಂದು ಎದುರು ವಕೀಲರು ಕೇಳಿದರು. ಚಿಕ್ಕಮ್ಮ, “ಅಯ್ಯೋ, ಹೋಗದೆ ಏನು ಸ್ವಾಮಿ, ಪ್ರತಿ ಸುಗ್ಗಿಗೂ ಹೋಗಿ ರಾಗಿ ತೂರಿಕೊಟ್ಟು ಬಂದಿದ್ದೀನಿ, ನಮ್ಮಣ್ಣನ ಹೆಂಡತಿ ಬಾಣಂತಿಯಾಗಿದ್ದ ವರ್ಷ ಮೂರು ತಿಂಗಳು ಅಲ್ಲೇ ಇದ್ದೆ” ಎಂದರು. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಬರೆಸಿದ್ದು ಹೀಗೆ: “ಮದುವೆಯಾದ ಮೇಲೆ ನಾನು ಸದರಿ ಜಮೀನಿಗೆ ಹೋಗಿರುವುದಿಲ್ಲ ಎಂದರೆ ಸರಿಯಲ್ಲ.” ಈ ವಾಕ್ಯವನ್ನು ನೀನು ಬರಹಗಾರ್ತಿಯ ಕಣ್ಣಿನಿಂದ ನೋಡಬೇಕು. ಕೇಳಿದವನ ಆರೋಪವೂ ಹೇಳಿದವಳ ನಿರಾಕರಣೆಯೂ ಒಂದೇ ವಾಕ್ಯದೊಳಗೆ ಕೂತು, ಇಡಿಯಾಗಿ ಅವಳದೇ ಮಾತಿನಂತೆ ದಾಖಲಾಗುತ್ತದೆ. ಸುಗ್ಗಿ, ರಾಗಿ, ಬಾಣಂತನ ಎಲ್ಲವೂ ಆ ‘ಸರಿಯಲ್ಲ’ ಎಂಬ ಒಂದು ಪದದೊಳಗೆ ಸೇರಿಹೋದವು. ಕೊನೆಯಲ್ಲಿ “ಓದಿ ಹೇಳಿ ಕೇಳಿದ್ದು ಸರಿ ಇದೆ” ಎಂಬ ಸಾಲಿನ ಕೆಳಗೆ ಸಹಿ ಹಾಕಿ ಅವರು ಇಳಿದು ಬಂದರು. ಹೊರಗಿನ ಹೊಂಗೆ ಮರದ ಕೆಳಗೆ ನಿಂತು, “ನನ್ನನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲೋ” ಎಂದರು.

ಇದರಲ್ಲಿ ನ್ಯಾಯಾಧೀಶರ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಮುಂದೆ ಮೇಲ್ಮನವಿಯಲ್ಲಿ ಯಾರೋ ಓದಿ ತೀರ್ಮಾನಿಸಬೇಕಾದ ದಾಖಲೆ ಅದು; ವಿವಾದಕ್ಕೆ ಬೇಕಾದಷ್ಟೇ ಅದರಲ್ಲಿ ಇರಬೇಕು, ಆ ದಿನದ ಪಟ್ಟಿಯಲ್ಲಿ ಇನ್ನೆಷ್ಟೋ ಪ್ರಕರಣಗಳು ಕಾಯುತ್ತಿದ್ದವು. ಆದರೆ ಹೀಗೆ ಮಾತು ಅರ್ಧಕ್ಕೇ ಉಳಿದವರು ನಮ್ಮ ಊರುಗಳಲ್ಲಿ ಮನೆಗೊಬ್ಬರಂತೆ ಇದ್ದಾರೆ. ಕೋರ್ಟಿನಲ್ಲಿ ಮಾತ್ರವಲ್ಲ, ತಾಲ್ಲೂಕು ಕಚೇರಿಯಲ್ಲಿ, ಠಾಣೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ತಮ್ಮದೇ ಅಡುಗೆಮನೆಯಲ್ಲಿ ಕೂಡ. ಅವರೇ ನಿನ್ನ ಪ್ರೇಕ್ಷಕರು. ಒಬ್ಬಳು ಹೆಂಗಸು ನಿಂತು ಮಾತಾಡುವಾಗ ಇಡೀ ಸಭೆ ಸುಮ್ಮನೆ ಕೂತು ಕೊನೆಯವರೆಗೆ ಕೇಳುವುದನ್ನು ಅವರು ಕಂಡಿರುವುದು ಧಾರಾವಾಹಿಯ ಕೋರ್ಟಿನಲ್ಲಿ ಮಾತ್ರ.

ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಈಗ ಜ್ಯೂರಿ, ಅಂದರೆ ಸಾಕ್ಷ್ಯ ಕೇಳಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಮಂಡಲಿ, ಇಲ್ಲ ಎಂಬುದು ನಿನಗೆ ಗೊತ್ತು. ನೌಕಾಪಡೆಯ ಅಧಿಕಾರಿಯೊಬ್ಬ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ ಒಂದಕ್ಕೆ ಎಂಟು ಮತಗಳಿಂದ ಆರೋಪಿ ನಿರ್ದೋಷಿ ಎಂದಿತು. ಹೈಕೋರ್ಟ್ ಅದನ್ನು ಒಪ್ಪದೆ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಖಾಲಿಯಾದ ಆ ಆಸನಗಳಲ್ಲಿ ಇಂದು ಟಿವಿ ನೋಡುವವರು ಕೂತಿದ್ದಾರೆಂದು ನನಗೆ ಅನ್ನಿಸುತ್ತದೆ. ತೀರ್ಪು ಬರುವ ಮೊದಲೇ ಅವರು ಮನೆಯಲ್ಲಿ ತೀರ್ಪು ಕೊಟ್ಟಿರುತ್ತಾರೆ. ಅವರ ಮುಂದೆ ನೀನು ಏನನ್ನು ಇಡುತ್ತೀಯೋ ಅದನ್ನೇ ಅವರು ಪುರಾವೆ ಎಂದು ತಿಳಿಯುತ್ತಾರೆ.

ಆದ್ದರಿಂದ ನಿನ್ನ ಹನ್ನೊಂದನೆಯ ಪುಟದ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಅಲ್ಲಿ ಸರ್ಕಾರಿ ವಕೀಲರು ಆರೋಪಿಯನ್ನು ಕಟಕಟೆಗೆ ಕರೆಸಿ, ಗದರಿಸಿ, ಅವನು ಸುಮ್ಮನಿದ್ದಾಗ “ಈ ಮೌನವೇ ಸಾಕ್ಷಿ” ಎನ್ನುತ್ತಾರೆ. ಅಮೆರಿಕದಲ್ಲಿ 1957ರಿಂದ 1966ರವರೆಗೆ ನಡೆದ ‘ಪೆರ್ರಿ ಮೇಸನ್’ ಧಾರಾವಾಹಿಯಲ್ಲಿ ಅಪರಾಧಿ ಕೋರ್ಟಿನಲ್ಲೇ ಕುಸಿದು ತಪ್ಪೊಪ್ಪಿಕೊಳ್ಳುವುದು ಅದರ ಗುರುತೇ ಆಗಿತ್ತು. ಪ್ರೇಕ್ಷಕರ ಆ ಹಸಿವು ಎಲ್ಲ ದೇಶಗಳಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ನಮ್ಮ ಸಂವಿಧಾನದ 20(3)ನೇ ವಿಧಿಯಂತೆ ಯಾವ ಆರೋಪಿಯನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತಪಡಿಸುವಂತಿಲ್ಲ. ಅವನು ತಾನಾಗಿ ಬರೆದು ಕೇಳಿಕೊಂಡರೆ ಮಾತ್ರ ಸಾಕ್ಷಿಯಾಗಿ ಕಟಕಟೆ ಹತ್ತಬಹುದು. ನಿನ್ನ ದೃಶ್ಯವನ್ನು ನೋಡಿದ ಮನೆಯಲ್ಲಿ ನಾಳೆ ಒಬ್ಬ ಮಗನ ಮೇಲೆ ಕೇಸಾದರೆ, ಅವನು ಸುಮ್ಮನಿದ್ದ ಮಾತ್ರಕ್ಕೆ ಹೆತ್ತವರೇ ಅವನನ್ನು ತಪ್ಪಿತಸ್ಥನೆಂದು ತಿಳಿಯುತ್ತಾರೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಪುಟವನ್ನು ದಯವಿಟ್ಟು ಹರಿದುಹಾಕು.

ಮರದ ಸುತ್ತಿಗೆ ಕುಟ್ಟುವುದು, ಭಗವದ್ಗೀತೆಯ ಮೇಲೆ ಕೈ ಇಡಿಸುವುದು ಇವೆರಡೂ ನಮ್ಮ ಕೋರ್ಟುಗಳಲ್ಲಿ ಇಲ್ಲ. ಅವನ್ನು ತೆಗೆದರೆ ನಿನ್ನ ದೃಶ್ಯಕ್ಕೆ ಏನೂ ಕಡಿಮೆಯಾಗುವುದಿಲ್ಲ, ಇಷ್ಟು ಸಾಕು.

ಹೆಚ್ಚು ಹೇಳಬೇಕಾದದ್ದು ನಿನ್ನ ಪ್ರತಿಕೂಲ ಸಾಕ್ಷಿಯ, ಅಂದರೆ ಕರೆಸಿದ ಕಡೆಗೇ ವಿರುದ್ಧವಾಗಿ ತಿರುಗಿಬೀಳುವ ಸಾಕ್ಷಿಯ ಬಗ್ಗೆ. ಅಂಗಡಿಯವನು ಮಾತು ತಿರುಗಿಸಿದ ಕೂಡಲೇ ಹಿನ್ನೆಲೆ ಸಂಗೀತ ಮೊಳಗಿ, ಅವನು ದುಡ್ಡು ತಿಂದವನೆಂದು ನೀನೇ ತೀರ್ಮಾನಿಸಿಬಿಟ್ಟಿದ್ದೀಯ. ನೋಡುವವರು ಶಪಿಸುತ್ತಾರೆ, ಅಲ್ಲಿಗೆ ಅವನ ಕಥೆ ಮುಗಿಯಿತು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಹಾಗಾಗಿ “ನಾನು ಹಾಗೆ ಹೇಳಿಕೆ ಕೊಟ್ಟಿಲ್ಲ” ಎಂದುಬಿಡುವುದು ಅವನಿಗೆ ಕಷ್ಟವಲ್ಲ. ಕಷ್ಟ ಇರುವುದು ಅದರ ಹಿಂದೆ. ಆರೋಪಿಯ ಮನೆ ಇರುವುದು ಅವನದೇ ಬೀದಿಯಲ್ಲಿ. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನ ಆರೋಪಿಯ ಕಡೆಯವರು. ಕೇಸು ಮುಗಿದ ಮೇಲೂ ಅವನು ಅದೇ ಬೀದಿಯಲ್ಲಿ ಬಾಳಬೇಕು. ಸರ್ಕಾರಿ ವಕೀಲರು ಪಾಟೀ ಸವಾಲಿಗೆ ಎದ್ದಾಗ ಅವನ ಕಣ್ಣು ಹಿಂದಿನ ಬೆಂಚಿನಲ್ಲಿ ಕೂತವರ ಕಡೆಗೆ ಹೊರಳಿ, ಮತ್ತೆ ಕಟಕಟೆಯ ಕಟ್ಟಿಗೆಗೆ ಬರಲಿ. ಅವನು ಹೇಳುವುದು ಸುಳ್ಳೇ ಆಗಿರಲಿ, ಆದರೆ ಆ ಸುಳ್ಳು ಅವನ ಗಂಟಲಿನಿಂದ ಹೊರಬರುವ ಕಷ್ಟವನ್ನು ನೋಡುವವರು ಕಾಣಲಿ. ಆಗ ಮನೆಯಲ್ಲಿ ಕೂತವರು ಅವನನ್ನು ಶಪಿಸುವುದರ ಜೊತೆಗೆ, ಅವನ ಜಾಗದಲ್ಲಿ ತಾವಿದ್ದರೆ ಏನು ಮಾಡುತ್ತಿದ್ದೆವು ಎಂದೂ ಕೇಳಿಕೊಳ್ಳುತ್ತಾರೆ. ನಾನು ಕಂಡಂತೆ, ಊಟ ಬಡಿಸುವಾಗಲೂ ಮುಂದುವರಿಯುವುದು ಇಂಥ ದೃಶ್ಯದ ಮೇಲಿನ ಚರ್ಚೆಯೇ.

ಇನ್ನು ಆ ಮುದುಕಿ. ಅವಳನ್ನು ಕರೆಸಿದವರು ಸರ್ಕಾರಿ ವಕೀಲರು, ಇದು ಮುಖ್ಯ ವಿಚಾರಣೆ. ಉತ್ತರವನ್ನು ಬಾಯಿಗೆ ಹಾಕುವಂಥ ಪ್ರಶ್ನೆಗಳನ್ನು ಇಲ್ಲಿ ಸಾಮಾನ್ಯವಾಗಿ ಕೇಳುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಉಳಿದಿದೆ. ನಿನ್ನ ವಕೀಲರು “ನೀವು ಆ ರಾತ್ರಿ ಕಿರುಚಾಟ ಕೇಳಿ ಎದ್ದು ಬಂದಿರಿ, ಅಲ್ಲವೇ?” ಎನ್ನುವ ಬದಲು “ಆ ರಾತ್ರಿ ಏನಾಯಿತು?” ಎಂದು ಕೇಳಿ ಸುಮ್ಮನಾಗಲಿ. ಅವಳು ಹಸುವಿಗೆ ಹುಲ್ಲು ಹಾಕಿದಲ್ಲಿಂದ ಶುರುಮಾಡಲಿ. ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ ಒಂದು ಗಳಿಗೆ ತಲೆಯೆತ್ತಿ ಅವಳನ್ನು ನೋಡಲಿ.

ಆ ಪುಟಗಳನ್ನು ಮತ್ತೆ ಬರೆದು ಕಳಿಸು. ಅವಳ ಮಾತಿಗೆ ನಾಲ್ಕು ಪುಟ ಹಿಡಿದರೂ ಚಿಂತೆಯಿಲ್ಲ. ಉದ್ದವಾಯಿತೆಂದು ನಿರ್ಮಾಪಕರು ತಕರಾರು ತೆಗೆದರೆ ನಾನೇ ಬಂದು ಮಾತಾಡುತ್ತೇನೆ.

ಇತಿ,
ನಿನ್ನ ಹಿರಿಯಣ್ಣ