ಸಿದ್ದಿಗಳ ಕೆರೆಗೆ ಬಲಿತ ಮೀನುಮರಿ ಬರಲಿ

ಮಾನ್ಯ ಸಂಪಾದಕರೆ,

ಶಿರಸಿ, ಯಲ್ಲಾಪುರ ಭಾಗದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಿಗೆಂದು ಕೆರೆ ಮೀನುಗಾರಿಕೆ ಯೋಜನೆ ರೂಪಿಸುವವರು ಮೊದಲು ನಮ್ಮ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಲ್ಲಿ 1 ಇಂಚಿನ ಮರಿ ಬಿಟ್ಟರೆ ಕೋಡಿಯಲ್ಲಿ ಕೊಚ್ಚಿಹೋಗುತ್ತವೆ. ಉಳಿದವನ್ನು ಕೆರೆಯ ದೊಡ್ಡ ಮೀನುಗಳು ನುಂಗುತ್ತವೆ. 4 ಇಂಚು ಬೆಳೆದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಕೋಡಿ ಇಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಬಿಡಬೇಕು. ಕೋಡಿಗೆ ಜಾಲರಿ ಇರಲಿ. ಆದರೆ ದಿನಾ ತರಗೆಲೆ ತೆಗೆಯದಿದ್ದರೆ ನೀರು ಕಟ್ಟಿ ಏರಿಯೇ ಒಡೆದೀತು. ಆ ಕೆಲಸಕ್ಕೆ ಊರವರಿಗೇ ಕೂಲಿ ಕೊಡಿ. ಮರಿಗಳ ಚೀಲವನ್ನು 15–20 ನಿಮಿಷ ಕೆರೆಯಲ್ಲಿ ತೇಲಿಸಿ, ಆ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಬಿಡಬೇಕು. ನಡುಮಧ್ಯಾಹ್ನ ಗಾಡಿಯಿಂದ ಸುರಿದರೆ ಸಾಯುತ್ತವೆ. ಕೆರೆಯ ಗುತ್ತಿಗೆ ಸಿದ್ದಿಗಳ ಸಂಘಕ್ಕೇ, ಕನಿಷ್ಠ 5 ವರ್ಷಕ್ಕೆ ಸಿಗಲಿ. ಒಂದೇ ವರ್ಷದ್ದಾದರೆ ಯಾರೇ ಆದರೂ ಬಲಿಯದ ಮೀನನ್ನೂ ಬಳಿದುಬಿಡುತ್ತಾರೆ.

– ಮೀನು ಕೃಷಿಕರು, ಶಿರಸಿ