ಕೆನಡಾದ ಶಾಂತಿಪಾಲನೆಯ ಹಿಂದಿದ್ದ ಲೆಕ್ಕಾಚಾರ

ಮಾನ್ಯ ಸಂಪಾದಕರೇ,

ಕೆನಡಾದ ವಿದೇಶಾಂಗ ನೀತಿಯನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಒಂದು ಕಾಲಕ್ಕೆ ಜಗತ್ತಿಗೇ ನ್ಯಾಯ ಹೇಳುವ ಸ್ಥಾನದಲ್ಲಿದ್ದ ಆ ದೇಶ ಈಗ ನೆರೆಯ ಅಮೆರಿಕದ ನೆರಳಾಗಿಬಿಟ್ಟಿದೆ ಎಂಬ ಲೇಖಕರ ವಿಷಾದ ಅರ್ಥವಾಗುವಂಥದ್ದೇ. ಆದರೆ ಅವರು ಕೊಂಡಾಡಿರುವ ಆ ನಿಸ್ವಾರ್ಥಿ ಕೆನಡಾ ಎಂದಾದರೂ ಇತ್ತೇ ಎಂಬುದು ನನ್ನ ಅನುಮಾನ. ಆ ದೇಶ ವಿಶ್ವಸಂಸ್ಥೆಯ ಪಡೆಗಳ ಮೂಲಕ ಶಾಂತಿಪಾಲನೆಗೆ ಇಳಿದದ್ದಕ್ಕೆ ಮುಖ್ಯ ಕಾರಣ, ಬ್ರಿಟನ್, ಅಮೆರಿಕದಂಥ ತನ್ನ ಹಿರಿಯ ಮಿತ್ರರು ತಮ್ಮತಮ್ಮಲ್ಲೇ ಜಗಳವಾಡಿದರೆ ತನಗೆ ನಿಲ್ಲಲು ನೆಲೆ ಇರುವುದಿಲ್ಲ ಎಂಬ ಅರಿವು. ಇದನ್ನು ಹೇಳುವುದರಿಂದ ಆ ದೇಶದ ಸಾಧನೆ ಕುಂದುವುದಿಲ್ಲವೆಂದೇ ನಾನು ಭಾವಿಸಿದ್ದೇನೆ.

1867ರಲ್ಲಿ ಒಕ್ಕೂಟವಾಗಿ ರೂಪುಗೊಂಡರೂ ಕೆನಡಾದ ವಿದೇಶ ವ್ಯವಹಾರ ಲಂಡನ್ನಿನ ಕೈಯಲ್ಲೇ ಉಳಿಯಿತು. ಹಾಗೆ ಉಳಿದದ್ದರ ಬೆಲೆ 1903ರಲ್ಲಿ ಗೊತ್ತಾಯಿತು. ಅಲಾಸ್ಕಾದ ಗಡಿ ವಿವಾದವನ್ನು ತೀರ್ಮಾನಿಸಲು ಕುಳಿತ ಆರು ಮಂದಿಯ ಮಂಡಳಿಯಲ್ಲಿ ಮೂವರು ಅಮೆರಿಕದವರು, ಇಬ್ಬರು ಕೆನಡಾದವರು, ಒಬ್ಬ ಬ್ರಿಟಿಷ್ ನ್ಯಾಯಾಧೀಶ. ಆ ನ್ಯಾಯಾಧೀಶ ಲಾರ್ಡ್ ಆಲ್ವರ್‌ಸ್ಟೋನ್ ಅಮೆರಿಕದ ಪರ ನಿಂತಾಗ ಕೆನಡಾದ ಇಬ್ಬರೂ ತೀರ್ಪಿಗೆ ಸಹಿ ಹಾಕಲು ನಿರಾಕರಿಸಿದರು. ತೀರ್ಪು ಮಾತ್ರ ಜಾರಿಗೆ ಬಂತು. ಆರು ವರ್ಷಗಳ ಬಳಿಕ, 1909ರಲ್ಲಿ, ಒಟ್ಟಾವಾದಲ್ಲಿ ಒಂದು ಪುಟ್ಟ ವಿದೇಶ ವ್ಯವಹಾರ ಇಲಾಖೆ ಹುಟ್ಟಿಕೊಂಡಿತು. ಅದರ ಮೊದಲ ಕಚೇರಿ ಇದ್ದದ್ದು ಒಂದು ಕ್ಷೌರದಂಗಡಿಯ ಮಹಡಿಯ ಮೇಲೆ.

ಮೊದಲ ಮಹಾಯುದ್ಧಕ್ಕೆ ಕೆನಡಾವನ್ನು ಯಾರೂ ಕೇಳಿ ಸೇರಿಸಿಕೊಳ್ಳಲಿಲ್ಲ. ದೊರೆ ಯುದ್ಧ ಘೋಷಿಸಿದರೆ ಇಡೀ ಸಾಮ್ರಾಜ್ಯ ಯುದ್ಧಕ್ಕಿಳಿದಂತೆಯೇ ಎಂಬ ಕಾಲವದು. 80 ಲಕ್ಷದಷ್ಟು ಜನಸಂಖ್ಯೆಯ ದೇಶ 60,000ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಆ ನೆನಪು ಹಸಿಯಾಗಿದ್ದಾಗಲೇ, 1922ರಲ್ಲಿ, ಟರ್ಕಿಯ ಚನಕ್‌ನಲ್ಲಿ ಸಿಕ್ಕಿಕೊಂಡಿದ್ದ ಬ್ರಿಟನ್ ಮತ್ತೆ ಸೇನೆಯ ನೆರವು ಕೋರಿತು. ಆ ಕೋರಿಕೆ ಬಂದಿರುವುದು ಪ್ರಧಾನಿ ಮೆಕೆಂಜಿ ಕಿಂಗ್ ಅವರಿಗೆ ತಿಳಿದದ್ದು ಪತ್ರಿಕಾ ವರದಿಗಾರರೊಬ್ಬರಿಂದ! ಸಂಸತ್ತು ತೀರ್ಮಾನಿಸಲಿದೆ ಎಂದಷ್ಟೇ ಅವರು ಉತ್ತರಿಸಿದರು. ಅಷ್ಟರಲ್ಲಿ ಬಿಕ್ಕಟ್ಟೇ ತಣ್ಣಗಾಯಿತು. ಮರುವರ್ಷ ಅಮೆರಿಕದೊಡನೆ ಹ್ಯಾಲಿಬಟ್ ಮೀನುಗಾರಿಕೆಯ ಒಪ್ಪಂದವಾದಾಗ, ಬ್ರಿಟಿಷ್ ರಾಯಭಾರಿಯ ಸಹಿಯೂ ಇರಲಿ ಎಂಬ ಲಂಡನ್ನಿನ ಒತ್ತಾಯವನ್ನು ಪಕ್ಕಕ್ಕಿಟ್ಟು ಕೆನಡಾದ ಸಚಿವರೊಬ್ಬರೇ ಸಹಿ ಹಾಕಿದರು. ಮೀನಿನ ಒಪ್ಪಂದವನ್ನು ಆರಿಸಿಕೊಂಡದ್ದರಲ್ಲೇ ಕಿಂಗ್ ಅವರ ಜಾಣತನ ಇತ್ತೆಂದು ನನಗನಿಸುತ್ತದೆ. ಅಷ್ಟು ಸಣ್ಣ ವಿಷಯಕ್ಕೆ ಲಂಡನ್ ಎಷ್ಟೆಂದು ಜಗಳ ತೆಗೆದೀತು? 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಈ ಸ್ವಾತಂತ್ರ್ಯಕ್ಕೆ ಕಾನೂನಿನ ಮುದ್ರೆ ಒತ್ತಿತು. 1939ರಲ್ಲಿ ಬ್ರಿಟನ್ ಸೆಪ್ಟೆಂಬರ್ 3ರಂದು ಯುದ್ಧ ಸಾರಿದರೆ ಕೆನಡಾ ತನ್ನ ಸಂಸತ್ತಿನಲ್ಲಿ ಚರ್ಚಿಸಿ ಸೆಪ್ಟೆಂಬರ್ 10ರಂದು ಸಾರಿತು. ಆ ಒಂದು ವಾರದ ಅಂತರ ಉದ್ದೇಶಪೂರ್ವಕವಾದದ್ದು.

ಲೇಖಕರು ನೈತಿಕತೆಯ ಶಿಖರವೆಂದು ಬಣ್ಣಿಸಿರುವ 1956ರ ಸೂಯೆಜ್ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಿಸಿದ ಬಳಿಕ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಸೇರಿ ದಾಳಿ ಮಾಡಿದವು. ಅಮೆರಿಕ ಅದನ್ನು ಬಹಿರಂಗವಾಗಿ ವಿರೋಧಿಸಿತು. ನೆಹರೂ ಅವರ ಭಾರತವೂ ಉಗ್ರವಾಗಿ ಖಂಡಿಸಿತು. ಕೆನಡಾಕ್ಕೆ ಅತ್ತ ದರಿ, ಇತ್ತ ಪುಲಿ. ಲಂಡನ್ನಿನ ಜೊತೆ ನಿಂತರೆ ವಾಷಿಂಗ್ಟನ್ ದೂರವಾಗುತ್ತಿತ್ತು, ಕಾಮನ್‌ವೆಲ್ತ್ ಒಡೆಯುತ್ತಿತ್ತು. ವಾಷಿಂಗ್ಟನ್ನಿನ ಜೊತೆ ನಿಂತರೆ ಮನೆಯೊಳಗಿನ ಬ್ರಿಟಿಷ್ ಅಭಿಮಾನಿಗಳು ಸುಮ್ಮನಿರುತ್ತಿರಲಿಲ್ಲ. ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ವಿಶ್ವಸಂಸ್ಥೆಯಲ್ಲಿ ಕದನವಿರಾಮದ ಮೊದಲ ನಿರ್ಣಯಕ್ಕೆ ಮತ ಹಾಕದೆ ತಟಸ್ಥರಾಗಿ ಉಳಿದರು. ಎರಡೇ ದಿನಗಳಲ್ಲಿ, ನವೆಂಬರ್ 4ರ ನಸುಕಿನಲ್ಲಿ, ವಿಶ್ವಸಂಸ್ಥೆಯದೇ ಒಂದು ತುರ್ತು ಪಡೆಯನ್ನು ಕಟ್ಟಬೇಕೆಂಬ ಅವರ ನಿರ್ಣಯ 57 ಮತಗಳಿಂದ, ಒಂದೂ ವಿರೋಧವಿಲ್ಲದೆ ಅಂಗೀಕಾರವಾಯಿತು. 19 ದೇಶಗಳು ಮತ ಹಾಕಲಿಲ್ಲ. ಬ್ರಿಟನ್ನಿಗೆ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಒಂದು ಬಾಗಿಲು ಸಿಕ್ಕಿತು.

ಆ ಪಡೆಗೆ ಕೆನಡಾದ ಜನರಲ್ ಬರ್ನ್ಸ್ ದಂಡನಾಯಕರಾದರು. ಕೆನಡಾ ಮೊದಲು ಕಳುಹಿಸಲು ಹೊರಟ ದಳದ ಹೆಸರು ‘ಕ್ವೀನ್ಸ್ ಓನ್ ರೈಫಲ್ಸ್’. ಈಗಷ್ಟೇ ರಾಣಿಯ ಸೈನಿಕರ ಗುಂಡಿಗೆ ಎದೆಯೊಡ್ಡಿದ್ದ ಈಜಿಪ್ಟ್, ರಾಣಿಯ ಹೆಸರು ಹೊತ್ತು ಬ್ರಿಟಿಷರದೇ ಬಗೆಯ ಸಮವಸ್ತ್ರದಲ್ಲಿ ಬರುವವರನ್ನು ಶಾಂತಿದೂತರೆಂದು ಹೇಗೆ ಒಪ್ಪೀತು? ಆ ದಳ ಹೋಗಲಿಲ್ಲ. ಸಂಪರ್ಕ, ಸಾಗಾಟದಂಥ ನೆರವಿನ ಕೆಲಸಗಳಿಗೆ ಬೇರೆ ತುಕಡಿಗಳು ಹೋದವು. ಮುಂದೆ ಪಿಯರ್ಸನ್ ಪ್ರಧಾನಿಯಾಗಿದ್ದಾಗ, 1965ರ ಫೆಬ್ರುವರಿ 15ರಂದು, ಬ್ರಿಟಿಷ್ ಗುರುತಿಲ್ಲದ ಮೇಪಲ್ ಎಲೆಯ ಬಾವುಟ ಹಾರಿದ್ದಕ್ಕೂ ಈ ಮುಜುಗರಕ್ಕೂ ನಂಟಿದೆ.

ಲೇಖನದಲ್ಲಿ ಒಂದು ತಪ್ಪೂ ನುಸುಳಿದೆ. ಸೂಯೆಜ್ ಸಂಧಾನಕ್ಕಾಗಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಪಿಯರ್ಸನ್ ಸಚಿವರಾಗಿರಲಿಲ್ಲ. 1957ರ ಜೂನ್ ಚುನಾವಣೆಯಲ್ಲಿ ಅವರ ಪಕ್ಷ ಸೋತಿತ್ತು. ಬ್ರಿಟನ್ನಿಗೆ ಕೈಕೊಟ್ಟರೆಂಬ ಸಿಟ್ಟೂ ಆ ಸೋಲಿಗೆ ಒಂದು ಕಾರಣ. ಪ್ರಶಸ್ತಿಯ ಸುದ್ದಿ ಅಕ್ಟೋಬರ್‌ನಲ್ಲಿ ಬಂದಾಗ ಅವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿದ್ದರು.

ಸೈಪ್ರಸ್ಸಿನ ಕಥೆಯೂ ಇದೇ ಜಾಡಿನದು. 1964ರಲ್ಲಿ ಅಲ್ಲಿನ ಗ್ರೀಕ್ ಮತ್ತು ಟರ್ಕಿಷ್ ಸಮುದಾಯಗಳ ನಡುವಿನ ಘರ್ಷಣೆ ಗ್ರೀಸ್ ಮತ್ತು ಟರ್ಕಿಗಳ ಯುದ್ಧವಾಗುವ ಹಂತ ಮುಟ್ಟಿತ್ತು. ಎರಡೂ, ಕೆನಡಾದಂತೆಯೇ, ಅಮೆರಿಕ ಮತ್ತು ಅದರ ಮಿತ್ರರ ಸೇನಾ ಕೂಟವಾದ ನೇಟೊದ ಸದಸ್ಯ ದೇಶಗಳು. ಕೂಟದೊಳಗೇ ಯುದ್ಧವಾದರೆ ಕೂಟವೆಲ್ಲಿ ಉಳಿದೀತು? ಕೆನಡಾದ ವಿದೇಶಾಂಗ ಸಚಿವ ಪಾಲ್ ಮಾರ್ಟಿನ್ ಹಲವು ರಾಜಧಾನಿಗಳಿಗೆ ದೂರವಾಣಿ ಮಾಡಿ ಪಡೆಯನ್ನು ಕೂಡಿಸಿದರು. ಆ ಪಡೆಯ ದಂಡನಾಯಕತ್ವವನ್ನು ಅದೇ ವರ್ಷದ ಜುಲೈನಲ್ಲಿ ವಹಿಸಿಕೊಂಡವರು ನಮ್ಮ ಮಡಿಕೇರಿಯ ಜನರಲ್ ಕೊಡಂದೇರ ತಿಮ್ಮಯ್ಯನವರು. 1965ರ ಡಿಸೆಂಬರ್‌ನಲ್ಲಿ ಅವರು ಸೇವೆಯಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕೆನಡಾದ ತುಕಡಿ 1993ರವರೆಗೂ ಆ ದ್ವೀಪದಲ್ಲಿತ್ತು. ಪುರವಣಿಯ ಎರಡು ಪುಟಗಳಲ್ಲಿ ಸೈಪ್ರಸ್ಸಿಗೆ ಒಂದೇ ಸಾಲು ಸಿಕ್ಕಿ, ತಿಮ್ಮಯ್ಯನವರ ಹೆಸರು ಬರದೇ ಹೋದದ್ದು ಕೊಡಗಿನವನಾದ ನನಗೆ ಸ್ವಲ್ಪ ನೋವುಂಟುಮಾಡಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ‘ಅಮೆರಿಕದ ನೆರಳು’ ಎಂಬ ಮಾತು. 1965ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತಾ ಪಿಯರ್ಸನ್ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಗೆ ವಿರಾಮ ಕೊಟ್ಟು ನೋಡಬಹುದೆಂದರು. ಮರುದಿನ ಅಮೆರಿಕದ ಅಧ್ಯಕ್ಷ ಜಾನ್ಸನ್, ಪಿಯರ್ಸನ್ನರ ಕೊರಳಪಟ್ಟಿ ಹಿಡಿದು ರೇಗಾಡಿದರೆಂಬುದು ಪ್ರಸಿದ್ಧ. ಅದೇ ಕಾಲದಲ್ಲಿ ಆ ಯುದ್ಧಕ್ಕೆ ಬೇಕಾದ ಸಾಮಗ್ರಿಯನ್ನು ಕೆನಡಾದ ಕಾರ್ಖಾನೆಗಳು ಅಮೆರಿಕಕ್ಕೆ ಮಾರುತ್ತಿದ್ದವು. ಲೇಖಕರು ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟಿದ್ದಾರೆ. 2003ರ ಮಾರ್ಚ್ 17ರಂದು ಪ್ರಧಾನಿ ಕ್ರೆಟ್ಯೆನ್ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದ ಇರಾಕ್ ಯುದ್ಧಕ್ಕೆ ಬರುವುದಿಲ್ಲವೆಂದು ಸಂಸತ್ತಿನಲ್ಲಿ ಘೋಷಿಸಿದರು. ಆ ಹೊತ್ತಿಗೆ ಕೆನಡಾ ಅಫ್ಘಾನಿಸ್ತಾನದಲ್ಲಿ ಹೊಣೆ ಹೊತ್ತಿತ್ತು. ಇಲ್ಲವೆನ್ನುವಾಗಲೆಲ್ಲ ಇನ್ನೊಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡೇ ಇರುವುದು ಆ ದೇಶದ ಹಳೆಯ ರೂಢಿ.

ಶೀತಲ ಸಮರ ಮುಗಿದ ಮೇಲೆ ಹಿರಿಯರ ಜಗಳ ಬಿಡಿಸುವ ತುರ್ತು ಕಡಿಮೆಯಾಯಿತು. 1993ರಲ್ಲಿ ಸೊಮಾಲಿಯಾದಲ್ಲಿ ಕೆನಡಾದ ಸೈನಿಕರೇ ಒಬ್ಬ ಹುಡುಗನನ್ನು ಹಿಂಸಿಸಿ ಕೊಂದ ಪ್ರಕರಣ ಶಾಂತಿಪಾಲನೆಯ ಹೆಮ್ಮೆಗೂ ಮಸಿ ಬಳಿಯಿತು. ಒಂದು ಕಾಲಕ್ಕೆ ವಿಶ್ವಸಂಸ್ಥೆಯ ಪಡೆಗಳಿಗೆ ಸಾವಿರಗಟ್ಟಲೆ ಯೋಧರನ್ನು ಕೊಟ್ಟ ದೇಶದಿಂದ ಈಗ ಹೋಗುವವರ ಸಂಖ್ಯೆ ತೀರಾ ಅಲ್ಪ. 2010ರಲ್ಲಿ ಮತ್ತು 2020ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ಸ್ಪರ್ಧಿಸಿ ಅದು ಎರಡೂ ಬಾರಿ ಸೋತಿತು. ಇದನ್ನು ಲೇಖಕರು ನೈತಿಕ ಪತನವೆಂದು ಕರೆದಿದ್ದಾರೆ. ನನಗೆ ಕಾಣುವುದು, ಅಗತ್ಯವಿದ್ದಾಗ ಕಲಿತ ಕಸುಬನ್ನು ಅಗತ್ಯ ತೀರಿದ ಮೇಲೆ ಕೈಬಿಟ್ಟವರ ಕಥೆ.

ಇಂತಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಮಡಿಕೇರಿ